ಡಿಸ್ಕಿನ ಮೇಲೆ ಲೇಬಲ್ ಸರಿಯಾಗಿ ಮೂಡದಿದ್ದರೆ: ಕೆಟ್ಟದ್ದನ್ನು ಎಸೆಯುವ ಮೊದಲು ಒಮ್ಮೆ ನೋಡಿ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆ, ರಾತ್ರಿ ಹನ್ನೊಂದು ಗಂಟೆ. ಊಟದ ಮೇಜಿನ ಮೇಲೆ ನಾಲ್ಕು ಡಿವಿಡಿಗಳು. ನಾಲ್ಕರಲ್ಲೂ ಒಳಸುತ್ತಿನ ‘ತಾಳಮದ್ದಳೆ’ ಅನ್ನುವ ಪದ ಚೆಂದವಾಗಿ ಮೂಡಿದೆ. ಹೊರಸುತ್ತಿನಲ್ಲಿ ಬರಬೇಕಿದ್ದ ಸಂಘದ ಹೆಸರು ಮಾತ್ರ ನಾಲ್ಕರಲ್ಲೂ ಇಲ್ಲ. ಚಿತ್ರದಲ್ಲಿದ್ದ ಕಿರೀಟ ಅರ್ಧಕ್ಕೇ ಕತ್ತರಿಸಿ ಹೋಗಿದೆ.

ಸಂಘದ ವಾರ್ಷಿಕೋತ್ಸವದ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿದವನು ನಾನೇ. ಕಲಾವಿದರಿಗೆ, ಹಿರಿಯ ಸದಸ್ಯರಿಗೆ ಸೇರಿ 30 ಪ್ರತಿ ಬೇಕಿತ್ತು. “ಪೆನ್ ಡ್ರೈವ್ ಕೊಟ್ರೆ ಸಾಕಲ್ವಾ ಅಪ್ಪ?” ಅಂದಳು ಮಗಳು. ಸಾಕು. ಆದರೆ ನಮ್ಮ ಅರ್ಥಧಾರಿಗಳಲ್ಲಿ ಅರ್ಧ ಜನ ಎಪ್ಪತ್ತು ದಾಟಿದವರು. ಅವರ ಮನೆಯಲ್ಲಿ ಟಿವಿಯ ಕೆಳಗೆ ಡಿವಿಡಿ ಪ್ಲೇಯರ್ ಇನ್ನೂ ಇದೆ. ನನ್ನ ಕಪಾಟಿನಲ್ಲೂ ಲೈಟ್‌ಸ್ಕ್ರೈಬ್ ಡಿಸ್ಕುಗಳ, ಅಂದರೆ ಡ್ರೈವಿನ ಲೇಸರ್‌ನಿಂದಲೇ ಮೇಲೆ ಲೇಬಲ್ ಬರೆಸಬಹುದಾದ ಡಿಸ್ಕುಗಳ ಒಂದು ಕಟ್ಟು ಹಾಗೇ ಉಳಿದಿತ್ತು. ಖರ್ಚಾಗಲಿ ಅಂತ ಹೊರತೆಗೆದೆ. ಹೋಗಿದ್ದು ಡಿಸ್ಕು, ಅದರ ಜೊತೆಗೆ ಮೂರು ರಾತ್ರಿಯ ನಿದ್ದೆ.

ಆ ಮೂರು ರಾತ್ರಿಯಲ್ಲಿ ಒಂದು ವಿಷಯ ತಿಳಿಯಿತು. ಕೆಟ್ಟ ಲೇಬಲ್ಲೇ ಸಾಕ್ಷಿ. ಅದು ಎಲ್ಲಿ ನಿಂತಿದೆ, ಎಲ್ಲಿ ಮಸುಕಾಗಿದೆ ಅಂತ ನೋಡಿದರೆ ತಪ್ಪು ಎಲ್ಲಿದೆ ಅಂತ ಅದೇ ಹೇಳುತ್ತದೆ. ನಾವು ಅದನ್ನು ಕಸದ ಬುಟ್ಟಿಗೆ ಹಾಕಿ, ಹೊಸ ಡಿಸ್ಕು ತೆಗೆದು, ಅದೇ ತಪ್ಪನ್ನು ಮತ್ತೆ ಮಾಡುತ್ತೇವೆ.

ಇದು ಕೆಲಸ ಮಾಡುವುದು ಹೇಗೆ

ಸಾಕ್ಷಿಯ ಮಾತು ಅರ್ಥವಾಗಬೇಕಾದರೆ ಇಷ್ಟು ಗೊತ್ತಿರಬೇಕು. ಲೈಟ್‌ಸ್ಕ್ರೈಬ್‌ನಲ್ಲಿ ಶಾಯಿ ಇಲ್ಲ, ಕಾಗದ ಇಲ್ಲ. ಡಿಸ್ಕಿನ ಲೇಬಲ್ ಬದಿಗೆ ಒಂದು ಬಣ್ಣದ ಲೇಪ ಇರುತ್ತದೆ. 780 ನ್ಯಾನೊಮೀಟರ್ ತರಂಗಾಂತರದ ಇನ್‌ಫ್ರಾರೆಡ್ ಲೇಸರ್ ಬಿದ್ದ ಕಡೆ ಆ ಲೇಪ ಕಪ್ಪಾಗುತ್ತದೆ. ಅಷ್ಟೇ. ಲೇಸರ್ ಇರುವುದು ಡ್ರೈವಿನ ಕೆಳಭಾಗದಲ್ಲಿ. ಹಾಗಾಗಿ ಮೊದಲು ಮಾಮೂಲಿನಂತೆ ಡೇಟಾ ಬರೆದು, ಆಮೇಲೆ ಡಿಸ್ಕನ್ನು ದೋಸೆಯ ಹಾಗೆ ಮಗುಚಿ ಹಾಕಬೇಕು.

ಲೇಬಲ್ ಮೂಡುವುದು ವೃತ್ತ ವೃತ್ತವಾಗಿ. ತೂತಿನ ಹತ್ತಿರ ಶುರುವಾಗಿ ಅಂಚಿನ ಕಡೆಗೆ ಹೋಗುತ್ತದೆ. ಒಳಗಿನದ್ದು ಮೊದಲು, ಹೊರಗಿನದ್ದು ಕೊನೆಗೆ. ಇಡೀ ಡಿಸ್ಕು ತುಂಬುವ ಚಿತ್ರವಾದರೆ ಒಳ್ಳೆಯ ಗುಣಮಟ್ಟದಲ್ಲಿ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಒಳಸುತ್ತಿನಲ್ಲಿ ಎರಡು ಸಾಲು ಹೆಸರು ಮಾತ್ರ ಅಂದರೆ ಕೆಲವೇ ನಿಮಿಷ.

ಇನ್ನೊಂದು ವಿಷಯ. ತೂತಿನ ಸುತ್ತ, ಪಾರದರ್ಶಕ ಭಾಗದ ಹತ್ತಿರ, ಬಾರ್‌ಕೋಡ್ ಥರ ಸಣ್ಣ ಗೆರೆಗಳ ಒಂದು ಉಂಗುರ ಇರುತ್ತದೆ. ಡಿಸ್ಕನ್ನು ದೀಪಕ್ಕೆ ಹಿಡಿದು ಓರೆ ಮಾಡಿದರೆ ಕಾಣುತ್ತದೆ. ಇದು ಎಂಥ ಡಿಸ್ಕು, ಈಗ ಎಷ್ಟು ತಿರುಗಿದೆ ಅಂತ ಡ್ರೈವ್‌ಗೆ ಗೊತ್ತಾಗುವುದು ಆ ಗೆರೆಗಳಿಂದಲೇ. ಈ ಉಂಗುರದ ವಿಷಯ ಮುಂದೆ ಮತ್ತೆ ಬರುತ್ತದೆ.

ಡ್ರೈವ್ ಡಿಸ್ಕನ್ನು ಒಪ್ಪುತ್ತಲೇ ಇಲ್ಲ

‘ಡಿಸ್ಕನ್ನು ಲೇಬಲ್ ಬದಿ ಕೆಳಗೆ ಮಾಡಿ ಹಾಕಿ’ ಅನ್ನುವ ಅರ್ಥದ ಸಂದೇಶ ಬಂದರೆ ಹತ್ತರಲ್ಲಿ ಏಳು ಸಲ ನೀವು ಡಿಸ್ಕನ್ನು ಮಗುಚಿರುವುದಿಲ್ಲ. ನಾಚಿಕೆ ಬೇಡ, ನಾನೂ ಮಗುಚಿರಲಿಲ್ಲ.

ಮಗುಚಿದ ಮೇಲೂ ಅದೇ ಸಂದೇಶ ಬಂದರೆ ಗುರುತು ನೋಡಿ. ಡ್ರೈವಿನ ಮೇಲೆ, ಡಿಸ್ಕಿನ ಮೇಲೆ, ಸಾಫ್ಟ್‌ವೇರ್‌ನಲ್ಲಿ, ಮೂರೂ ಕಡೆ ಲೈಟ್‌ಸ್ಕ್ರೈಬ್ ಇರಬೇಕು. ಎರಡು ಕಡೆ ಇದ್ದರೆ ಸಾಲದು. ಮಾಮೂಲಿ ಡಿವಿಡಿಯ ಮೇಲೆ ಈ ಲೇಪ ಇರುವುದಿಲ್ಲ, ಏನು ಮಾಡಿದರೂ ಬರೆಯುವುದಿಲ್ಲ. ಲೇಬಲ್‌ಫ್ಲಾಶ್ ಅಂತ ಇನ್ನೊಂದು ಜಾತಿ ಇದೆ. ಯಮಹಾ ಮತ್ತು ಫ್ಯೂಜಿಫಿಲ್ಮ್ ಸೇರಿ 2005ರಲ್ಲಿ ತಂದದ್ದು. ಅದರ ಡಿಸ್ಕು ಇದರಲ್ಲಿ ನಡೆಯಲ್ಲ, ಇದರದ್ದು ಅದರಲ್ಲಿ ನಡೆಯಲ್ಲ. ಹೆಸರು ಒಂದೇ ಥರ ಕೇಳಿಸುವುದರಿಂದ ಅಂಗಡಿಯಲ್ಲಿ ಸಿಗುತ್ತಿದ್ದ ಕಾಲದಲ್ಲಿ ಮೋಸ ಹೋಗುವುದು ಸುಲಭವಾಗಿತ್ತು.

ಗುರುತೂ ಸರಿ ಇದೆ, ಮಗುಚಿಯೂ ಆಗಿದೆ ಅಂದರೆ ಆ ಉಂಗುರ ನೋಡಿ. ನನ್ನ ಕಟ್ಟಿನ ಏಳನೇ ಡಿಸ್ಕಿನಲ್ಲಿ ಹೀಗೇ ಆಯಿತು. ಆರು ಡಿಸ್ಕು ಒಪ್ಪಿದ ಡ್ರೈವ್ ಏಳನೆಯದ್ದನ್ನು ಬೇಡವೆಂದು ಹೊರಗೆ ನೂಕಿತು. ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಉಂಗುರದ ಮೇಲೆ ಹೆಬ್ಬೆಟ್ಟಿನ ಅಚ್ಚು, ಎಣ್ಣೆಯ ಹೊಳಪಿನ ಸಮೇತ. ಸಂಜೆ ಗೋಳಿಬಜೆ ತಿಂದ ಕೈ. ಕಟ್ಟಿನಿಂದ ಡಿಸ್ಕು ತೆಗೆಯುವಾಗ ನಾವೆಲ್ಲ ಬೆರಳಿಡುವುದು ಆ ಜಾಗಕ್ಕೇ ತಾನೇ? ಕನ್ನಡಕ ಒರೆಸುವ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ, ಒಪ್ಪಿಕೊಂಡಿತು. ನೀರು, ಸ್ಪಿರಿಟ್ ಏನೂ ಹಚ್ಚಬೇಡಿ. ಈ ಬದಿಯಲ್ಲಿ ಲೇಪ ಮೇಲ್ಮೈಯಲ್ಲೇ ಇದೆ, ಕಾಪಾಡಲು ಮೇಲೆ ಇನ್ನೇನೂ ಇಲ್ಲ.

ಒಂದು ಡಿಸ್ಕನ್ನೂ ಒಪ್ಪದಿದ್ದರೆ, ಅಥವಾ ‘ಲೈಟ್‌ಸ್ಕ್ರೈಬ್ ಡ್ರೈವ್ ಸಿಗಲಿಲ್ಲ’ ಅಂತಲೇ ಬಂದರೆ, ಆಗ ಕಂಪ್ಯೂಟರ್ ಕಡೆ ತಿರುಗಿ. ವಿಂಡೋಸ್‌ನಲ್ಲಿ ಲೇಬಲ್ ವಿನ್ಯಾಸ ಮಾಡುವ ಪ್ರೋಗ್ರಾಮ್ ಒಂದೇ ಸಾಲದು. ಅದರ ಕೆಳಗೆ ಲೈಟ್‌ಸ್ಕ್ರೈಬ್ ಸಿಸ್ಟಮ್ ಸಾಫ್ಟ್‌ವೇರ್ ಅಂತ ಬೇರೆಯೇ ಒಂದು ಪದರ ಬೇಕು. ಅದು ಹಿನ್ನೆಲೆಯಲ್ಲಿ ಒಂದು ಸರ್ವೀಸ್ ಓಡಿಸುತ್ತಿರುತ್ತದೆ. ವಿಂಡೋಸ್‌ನ ಸರ್ವೀಸಸ್ ಪಟ್ಟಿ ತೆರೆದು ಲೈಟ್‌ಸ್ಕ್ರೈಬ್ ಹೆಸರಿನ ಡೈರೆಕ್ಟ್ ಡಿಸ್ಕ್ ಲೇಬಲಿಂಗ್ ಸರ್ವೀಸ್ ಹುಡುಕಿ. ನಿಂತಿದ್ದರೆ ಸ್ಟಾರ್ಟ್ ಮಾಡಿ, ಆಟೊಮ್ಯಾಟಿಕ್‌ಗೆ ಹಾಕಿ. ‘ಕಂಪ್ಯೂಟರ್ ಫಾಸ್ಟ್ ಮಾಡ್ತೀವಿ’ ಅನ್ನುವ ಕ್ಲೀನರ್ ಪ್ರೋಗ್ರಾಮುಗಳು ಇದನ್ನು ಬೇಡದ ವಸ್ತು ಅಂತ ನಿಲ್ಲಿಸಿಬಿಡುತ್ತವೆ. ಲಿನಕ್ಸ್ ಬಳಸುವವರಿಗೆ ಒಂದೇ ಮಾತು: ಅದರ ಪ್ಯಾಕೇಜುಗಳು 32 ಬಿಟ್‌ನವು. 64 ಬಿಟ್ ಸಿಸ್ಟಮ್‌ನಲ್ಲಿ 32 ಬಿಟ್ ಲೈಬ್ರರಿಗಳನ್ನು ಹಾಕದೆ ಅದು ಮಾತೇ ಆಡುವುದಿಲ್ಲ.

ಬರಹ ಅರ್ಧಕ್ಕೆ ನಿಂತಿದೆ

ಈಗ ನನ್ನ ನಾಲ್ಕು ಡಿಸ್ಕಿಗೆ ಬರೋಣ.

ಮೊದಲು ಡಿಸ್ಕು ಹಳೆಯದು ಅಂತ ಬೈದೆ. ಆಮೇಲೆ ಡ್ರೈವ್ ಕೆಟ್ಟಿತು ಅಂದುಕೊಂಡೆ. ಮಾರನೇ ದಿನ ಆಫೀಸಿನಿಂದ ನೇರ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಮೂರು ಅಂಗಡಿ ಸುತ್ತಿದೆ. ಲೈಟ್‌ಸ್ಕ್ರೈಬ್ ಅಂದರೆ ಹುಡುಗರಿಗೆ ಹೆಸರೇ ಗೊತ್ತಿಲ್ಲ. ಕೊನೆಯ ಅಂಗಡಿಯ ಮುದುಕರು ಮಾತ್ರ ನಕ್ಕು, “ವೋ ಜಮಾನಾ ಗಯಾ ಸಾಬ್” ಅಂದರು. ಬರಿಗೈಯಲ್ಲಿ ದಾದರ್‌ನಲ್ಲಿ ಗಾಡಿ ಬದಲಿಸಿ, ನಿಂತುಕೊಂಡೇ ಡೊಂಬಿವಲಿ ತಲುಪಿದೆ.

ಮನೆಯಲ್ಲಿ ಹೆಂಡತಿ ಆ ನಾಲ್ಕನ್ನೂ ಒಂದರ ಮೇಲೊಂದು ಜೋಡಿಸಿಟ್ಟಿದ್ದಳು. “ಎಂತ ಮಾರಾಯ್ರೆ, ನಾಲ್ಕೂ ಒಂದೇ ಕಡೆ ಕಟ್ ಆಗಿದೆ!” ಅಂದಳು. ನಾನು ಅದನ್ನು ನೋಡಿಯೇ ಇರಲಿಲ್ಲ. ಮಗಳ ಕಂಪಾಸ್ ಬಾಕ್ಸಿನಿಂದ ಸ್ಕೇಲ್ ತಂದು ಅಳೆದೆ. ತೂತಿನ ಅಂಚಿನಿಂದ ಮೂರೂಕಾಲು ಸೆಂಟಿಮೀಟರ್. ಎರಡನೆಯದು, ಮೂರೂಕಾಲು. ನಾಲ್ಕನೆಯದೂ ಅಷ್ಟೇ.

ಡಿಸ್ಕು ಕೆಟ್ಟಿದ್ದರೆ ಒಂದೊಂದು ಒಂದೊಂದು ಕಡೆ ನಿಲ್ಲಬೇಕಿತ್ತು. ನಾಲ್ಕೂ ಒಂದೇ ಜಾಗದಲ್ಲಿ ನಿಂತಿವೆ ಅಂದರೆ ಅದು ಜಾಗದ ಪ್ರಶ್ನೆ ಅಲ್ಲ, ಹೊತ್ತಿನ ಪ್ರಶ್ನೆ. ಬರಹ ಒಳಗಿನಿಂದ ಹೊರಗೆ ಹೋಗುವುದರಿಂದ ಡಿಸ್ಕೇ ಒಂದು ಗಡಿಯಾರ. ಮತ್ತೊಂದು ಡಿಸ್ಕು ಹಾಕಿ ಮೊಬೈಲ್ ಹಿಡಿದು ಕೂತೆ. ಸರಿಯಾಗಿ 15 ನಿಮಿಷಕ್ಕೆ ಲ್ಯಾಪ್‌ಟಾಪ್ ಪರದೆ ಕಪ್ಪಾಯಿತು, ಡ್ರೈವಿನ ಗುಂಯ್ ಸದ್ದು ಇಳಿಯಿತು. ಯಾರೂ ಮೌಸ್ ಮುಟ್ಟಿಲ್ಲ ಅಂತ ಲ್ಯಾಪ್‌ಟಾಪ್ ಮಲಗಿಬಿಟ್ಟಿತ್ತು! ಬರೆಯುವ ಕೆಲಸ ಸುಮಾರು ಅರ್ಧ ಗಂಟೆಯದು. ಹಿಂದಿನ ರಾತ್ರಿ ನಾನು ಒಂದೊಂದು ಡಿಸ್ಕು ಹಾಕಿ, ಟಿವಿ ನೋಡಲು ಹೋಗುತ್ತಿದ್ದೆ. ಬಂದು ಮೌಸ್ ಅಲ್ಲಾಡಿಸಿದರೆ ಎಚ್ಚರವಾಗಿ, ‘ಲೇಬಲ್ ಪೂರ್ತಿಯಾಗಲಿಲ್ಲ’ ಅನ್ನುತ್ತಿತ್ತು. ನಾನು ಡ್ರೈವ್‌ಗೆ ಬೈಯುತ್ತಿದ್ದೆ.

ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್‌ಗೆ ‘ನೆವರ್’ ಅಂತ ಹಾಕಿ. ಬ್ಯಾಟರಿಯಲ್ಲಿ ಓಡುವಾಗಿನದ್ದು, ಚಾರ್ಜರ್ ಹಾಕಿದಾಗಿನದ್ದು, ಎರಡೂ ಬೇರೆ ಬೇರೆ ಇರುತ್ತವೆ. ಎರಡನ್ನೂ ಬದಲಿಸಿ. ಮುಚ್ಚಳ ಮುಚ್ಚಿದರೆ ಏನಾಗಬೇಕು ಅನ್ನುವುದನ್ನೂ ನೋಡಿ.

ಒಂದೊಂದು ಡಿಸ್ಕು ಒಂದೊಂದು ಕಡೆ ನಿಲ್ಲುತ್ತಿದ್ದರೆ ಆಗ ಕರೆಂಟ್ ಮೇಲೆ ಅನುಮಾನ ಪಡಬೇಕು. ಹೊರಗಿನಿಂದ ಜೋಡಿಸುವ ತೆಳು ಡ್ರೈವ್‌ಗಳಿಗೆ ವಿದ್ಯುತ್ ಬರುವುದು ಯುಎಸ್‌ಬಿಯಿಂದಲೇ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್. ಲೇಸರ್, ಮೋಟರ್ ಎರಡೂ ಅರ್ಧ ಗಂಟೆ ಬಿಡದೆ ಓಡುವಾಗ ಅದು ಸಾಲದೆ ಹೋಗಬಹುದು. ಅದಕ್ಕೇ ಕೆಲವು ಡ್ರೈವ್‌ಗಳ ಜೊತೆ ಎರಡು ಪಿನ್ನಿನ ವೈ ಕೇಬಲ್ ಬರುತ್ತದೆ. ನಾವು ಒಂದು ಪಿನ್ ಚುಚ್ಚಿ ಇನ್ನೊಂದನ್ನು ನೇತಾಡಲು ಬಿಡುತ್ತೇವೆ. ಎರಡನ್ನೂ ಚುಚ್ಚಿ. ಮೌಸ್, ಕೀಬೋರ್ಡ್, ಪೆನ್ ಡ್ರೈವ್ ಎಲ್ಲ ನೇತುಹಾಕಿದ ಹಬ್‌ಗೆ ಹಾಕಬೇಡಿ, ನೇರ ಕಂಪ್ಯೂಟರ್‌ಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟಿಗಿಂತ ಹಿಂದಿನದ್ದು ವಾಸಿ.

ಅರ್ಧಕ್ಕೆ ನಿಂತ ಡಿಸ್ಕು ವ್ಯರ್ಥ ಅಲ್ಲ. ಉಂಗುರದ ಗೆರೆಗಳು ಇಲ್ಲಿ ಕೈ ಹಿಡಿಯುತ್ತವೆ. ಅದೇ ಡಿಸ್ಕನ್ನು ಮತ್ತೆ ಹಾಕಿ ಅದೇ ವಿನ್ಯಾಸವನ್ನು ಮತ್ತೆ ಬರೆಸಿದರೆ, ಡ್ರೈವ್ ಹಳೆಯ ಗೆರೆಯ ಮೇಲೇ ಕೂರಿಸುತ್ತದೆ. ಹೊರಭಾಗ ತುಂಬುತ್ತದೆ. ಒಳಭಾಗ ಮಾತ್ರ ಎರಡು ಸಲ ಸುಟ್ಟಂತಾಗಿ ಜಾಸ್ತಿ ಕಪ್ಪಾಗುತ್ತದೆ, ನಡುವೆ ಒಂದು ಮೆಟ್ಟಿಲು ಕಾಣುತ್ತದೆ. ನನ್ನ ನಾಲ್ಕೂ ಹಾಗೇ ಇವೆ, ಮನೆಯಲ್ಲಿಟ್ಟುಕೊಂಡೆ. ಭಾಗವತರೊಬ್ಬರು ನೋಡಿ, ಇದೇ ಚೆಂದ ಇದೆ, ಬೇಕಂತಲೇ ಮಾಡಿದ್ದಾ ಅಂತ ಕೇಳಿದರು. ಹೂಂ ಅಂದೆ. ಆದರೆ ವಿನ್ಯಾಸದಲ್ಲಿ ಒಂದು ಅಕ್ಷರವನ್ನೂ ಸರಿಸಬೇಡಿ, ಎರಡೆರಡು ನೆರಳು ಬರುತ್ತದೆ.

ಪೂರ್ತಿ ಮೂಡಿದೆ, ಆದರೆ ಮಸುಕು

ಎಲ್ಲರ ದೂರು ಇದೇ. ಇದರಲ್ಲಿ ಸ್ವಲ್ಪ ನಿರೀಕ್ಷೆಯ ತಪ್ಪೂ ಇದೆ. ಇದು ಒಂದೇ ಬಣ್ಣದ ಕೆಲಸ, ಪ್ರಿಂಟ್ ಹಾಕಿದಷ್ಟು ಕಪ್ಪು ಯಾವತ್ತೂ ಬರುವುದಿಲ್ಲ. ತಿಳಿ ಬಣ್ಣದ ಫೋಟೊ ಹಾಕಿದರೆ ಮುಖವೇ ಕಾಣುವುದಿಲ್ಲ. ದಪ್ಪ ಅಕ್ಷರ, ಗಟ್ಟಿ ಗೆರೆಯ ಚಿತ್ರ ಹಾಕಿ. ಹಾಳೆಯ ಮೇಲೆ ಇದ್ದಿಲಿನಲ್ಲಿ ಬರೆದ ಹಾಗಿರಬೇಕು.

ಬರೆಯುವ ಮೊದಲು ಗುಣಮಟ್ಟ ಕೇಳುವಾಗ ಡ್ರಾಫ್ಟ್ ಬಿಟ್ಟು ಬೆಸ್ಟ್ ಆರಿಸಿ. ಕಾಂಟ್ರಾಸ್ಟ್ ಹೆಚ್ಚಿಸುವ ಸಣ್ಣ ಸೆಟ್ಟಿಂಗ್ ಕೂಡ ಇದೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಫಲ ಕಣ್ಣಿಗೆ ಕಾಣುತ್ತದೆ. ಡಿಸ್ಕುಗಳಲ್ಲೂ ಮೊದಲ ಪೀಳಿಗೆಯವು ಇನ್ನೂ ಮಸುಕು. 1.2 ಅಂತ ಗುರುತಿರುವ ಮುಂದಿನ ಪೀಳಿಗೆಯವು ವಾಸಿ. ಇಷ್ಟಾದರೂ ಸಾಲದಿದ್ದರೆ ಮೇಲೆ ಹೇಳಿದ ಹಾಗೆ ಎರಡನೇ ಸಲ ಬರೆಸಿ.

ಹೋದ ಸಲ ಚೆನ್ನಾಗಿ ಬರುತ್ತಿದ್ದ ಡ್ರೈವ್‌ನಲ್ಲೇ, ಅದೇ ಕಟ್ಟಿನ ಡಿಸ್ಕಿನಲ್ಲೇ, ಈ ಸಲ ಮಸುಕು ಅಂದರೆ ಒಂದು ಪುಕ್ಕಟೆ ಪರೀಕ್ಷೆ ಇದೆ. ಡ್ರೈವಿಗೆ ಒಂದು ಹಳೆಯ ಆಡಿಯೊ ಸಿಡಿ ಹಾಕಿ. ಹೌದು, ಸಿಡಿ, ಡಿವಿಡಿ ಅಲ್ಲ. ಡಿವಿಡಿ ಓದುವುದು, ಬರೆಯುವುದು 650 ನ್ಯಾನೊಮೀಟರ್‌ನ ಕೆಂಪು ಲೇಸರ್. ಸಿಡಿಯದ್ದು 780ರ ಇನ್‌ಫ್ರಾರೆಡ್. ಲೇಬಲ್ ಬರೆಯುವುದೂ ಆ 780ರದ್ದೇ. ಹಾಗಾಗಿ ‘ಡ್ರೈವ್ ಚೆನ್ನಾಗಿದೆ, ಈಗಷ್ಟೇ ಡಿವಿಡಿ ಬರೆದೆ’ ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ. ಡಿವಿಡಿ ಸರಿಯಾಗಿ ಓದಿ, ಸಿಡಿ ಮಾತ್ರ ತಡವರಿಸಿದರೆ ಇನ್‌ಫ್ರಾರೆಡ್ ಲೇಸರ್ ಸೋತಿದೆ ಅಂತ ಅರ್ಥ. ಅದಕ್ಕೆ ಮನೆಮದ್ದಿಲ್ಲ, ಬೇರೆ ಡ್ರೈವ್ ಹುಡುಕಬೇಕು. ಸಿಡಿ, ಡಿವಿಡಿ ಎರಡೂ ತಡವರಿಸಿದರೆ ಲೆನ್ಸಿನ ಮೇಲೆ ಧೂಳಿರಬಹುದು. ಕ್ಯಾಮೆರಾ ಒರೆಸುವವರ ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಮುಂಬಯಿಯ ಮಳೆಗಾಲಕ್ಕೆ ಇಲ್ಲಿ ಬೇರೆಯೇ ಪಾತ್ರ ಇದೆ. ಜುಲೈಯಲ್ಲಿ ನಮ್ಮ ಮನೆಯ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಲೆನ್ಸು ಏನು ಮಹಾ. ಎಸಿ ಕೋಣೆಯಲ್ಲಿದ್ದ ಡ್ರೈವನ್ನು ಹಾಲ್‌ಗೆ ತಂದು ಆ ಕ್ಷಣವೇ ಶುರು ಮಾಡಿದರೆ ಲೆನ್ಸಿಗೆ ಮಂಜು ಕೂರುತ್ತದೆ, ಬಸ್ಸಿಳಿದ ಕೂಡಲೇ ಕನ್ನಡಕಕ್ಕೆ ಕೂರುವ ಹಾಗೆ. ಒಂದು ಗಂಟೆ ಸುಮ್ನೆ ಇಡಿ. ಬಳಸದೆ ಇರುವಾಗ ಡ್ರೈವ್, ಡಿಸ್ಕು ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಮಸುಕು ಎಲ್ಲ ಕಡೆ ಇಲ್ಲದೆ, ಪಿಜ್ಜಾ ತುಂಡಿನ ಹಾಗೆ ಒಂದು ಪಕ್ಕಕ್ಕೆ ಮಾತ್ರ ಇದ್ದರೆ ಡಿಸ್ಕು ಬಾಗಿದೆ, ಅಥವಾ ನಡುವಿನ ಗುಬ್ಬಿಗೆ ಸರಿಯಾಗಿ ಕೂತಿಲ್ಲ. ತೆಳು ಡ್ರೈವ್‌ಗಳಲ್ಲಿ ‘ಟಕ್’ ಅಂತ ಸದ್ದು ಬರುವವರೆಗೆ ಒತ್ತಬೇಕು. ಬಾಗಿದೆಯೇ ಅಂತ ತಿಳಿಯಲು ಗಾಜಿನ ಮೇಲೆ ಇಟ್ಟು ನೋಡಿ.

ಬಿಳಿ ಚುಕ್ಕೆಗಳಿದ್ದರೆ ಅದು ಧೂಳು. ಸಿಡಿ ಓದುವಾಗ ಧೂಳಿನ ಕಾಟ ಕಡಿಮೆ. ಯಾಕೆಂದರೆ ಡೇಟಾ ಪದರ ಮೇಲ್ಮೈಯಿಂದ ಸುಮಾರು 1.2 ಮಿಲಿಮೀಟರ್ ಒಳಗಿದೆ, ಮೇಲೆ ಕೂತ ಕಣ ಲೇಸರ್‌ನ ಫೋಕಸ್‌ಗೆ ಸಿಕ್ಕುವುದಿಲ್ಲ. ಲೇಬಲ್ ಲೇಪ ಮೇಲ್ಮೈಯಲ್ಲೇ ಇರುವುದರಿಂದ ಪ್ರತಿ ಕಣವೂ ಕೊಡೆ ಹಿಡಿದ ಹಾಗೆ. ಅದರ ನೆರಳಿನಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ಹಾಕಿ.

ಒತ್ತಕ್ಷರ ಒಡೆದುಹೋದರೆ

ಇದು ನಮ್ಮದೇ ತಾಪತ್ರಯ, ಇಂಗ್ಲಿಷಿನಲ್ಲಿ ಬರೆಯುವವರಿಗೆ ಬರುವುದಿಲ್ಲ. ಹಳೆಯ ಲೇಬಲ್ ಪ್ರೋಗ್ರಾಮ್‌ನಲ್ಲಿ ನೇರ ಕನ್ನಡ ಟೈಪ್ ಮಾಡಿದೆ. ‘ವಾರ್ಷಿಕೋತ್ಸವ’ದ ಅರ್ಕಾವತ್ತು ಒಂದು ಕಡೆ, ‘ತ್ಸ’ ಒಂದು ಕಡೆ. ಅಕ್ಷರವನ್ನು ವೃತ್ತದಲ್ಲಿ ಬಗ್ಗಿಸಿದಾಗಲಂತೂ ಕೊಂಬು, ದೀರ್ಘ ಎಲ್ಲ ಚೆಲ್ಲಾಪಿಲ್ಲಿ. ಡ್ರೈವಿನ ತಪ್ಪಲ್ಲ, ಆ ಪ್ರೋಗ್ರಾಮ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲ, ಅಷ್ಟೇ.

ಅಲ್ಲಿ ಟೈಪ್ ಮಾಡಲೇಬೇಡಿ. ಕನ್ನಡ ಸರಿಯಾಗಿ ತೋರಿಸುವ ಯಾವುದಾದರೂ ಚಿತ್ರದ ಪ್ರೋಗ್ರಾಮ್‌ನಲ್ಲಿ ಇಡೀ ಲೇಬಲ್ ಮಾಡಿ, ಚಿತ್ರವಾಗಿ ಉಳಿಸಿ, ಅದನ್ನು ಹಿನ್ನೆಲೆಯಾಗಿ ಹಾಕಿ. ಡಿಸ್ಕಿನ ಅಗಲ 120 ಮಿಲಿಮೀಟರ್. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಚೌಕಾಕಾರದ ಚಿತ್ರ ಪ್ರತಿ ಬದಿಗೆ ಸುಮಾರು 1417 ಪಿಕ್ಸೆಲ್ ಇರಬೇಕು, 600ರ ಲೆಕ್ಕದಲ್ಲಿ ಸುಮಾರು 2835. ಬಣ್ಣ ಬೇಡ, ಕಪ್ಪು ಬಿಳುಪೇ ಇರಲಿ. ಸಣ್ಣ ಅಕ್ಷರದಲ್ಲಿ ಒತ್ತು ತುಂಬಿಕೊಳ್ಳುತ್ತದೆ, ಹಾಗಾಗಿ ಇಂಗ್ಲಿಷಿಗಿಂತ ಒಂದೆರಡು ಅಳತೆ ದೊಡ್ಡದಿಡಿ.

ಕಾಗದದ ಸ್ಟಿಕ್ಕರ್ ಅಂಟಿಸಿದರೆ ಇಷ್ಟೆಲ್ಲ ರಾಮಾಯಣ ಬೇಡ ಅಲ್ವಾ ಅಂತ ಸಂಘದ ಕಾರ್ಯದರ್ಶಿ ಕೇಳಿದರು. ಸ್ಟಿಕ್ಕರ್ ಬೇಡ ಅಂದೆ. 16 ಎಕ್ಸ್ ವೇಗದಲ್ಲಿ ಡಿವಿಡಿ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಸ್ಟಿಕ್ಕರ್ ಕೂದಲೆಳೆಯಷ್ಟು ಓರೆಯಾದರೂ ತೂಕ ಒಂದು ಕಡೆ ವಾಲಿ ನಡುಗುತ್ತದೆ. ನಮ್ಮ ಸೆಕೆಗೆ ಅಂಟು ಬಿಟ್ಟು ಒಳಗೇ ಸುಲಿದರೆ ಡ್ರೈವ್ ಬಿಚ್ಚಬೇಕು. ಬಾಲ್ ಪೆನ್ ಅಂತೂ ಸಿಡಿಗೆ ವಿಷ. ಅದರ ಡೇಟಾ ಪದರ ಲೇಬಲ್ ಬದಿಗೇ ಅಂಟಿಕೊಂಡ ಹಾಗಿದೆ, ಮೇಲೆ ತೆಳುವಾದ ವಾರ್ನಿಷ್ ಮಾತ್ರ. ಡಿವಿಡಿಯಲ್ಲಿ ಅದು ಎರಡು ತಟ್ಟೆಗಳ ನಡುವೆ, 0.6 ಮಿಲಿಮೀಟರ್ ಒಳಗೆ ಕೂತಿರುವುದರಿಂದ ಸ್ವಲ್ಪ ಧೈರ್ಯ. ಅವಸರವಿದ್ದರೆ ಮೆತ್ತನೆ ತುದಿಯ ಮಾರ್ಕರ್ ಸಾಕು.

ಕೊನೆಗೆ ಮಾಡಿದ್ದು ಹೀಗೆ. ಹೊರಸುತ್ತಿನ ಹೆಸರನ್ನು ಒಳಸುತ್ತಿಗೆ ತಂದೆ, ಕಿರೀಟ ಸಣ್ಣದಾಯಿತು. ಅರ್ಧ ಗಂಟೆಯ ಕೆಲಸ ಹತ್ತು ನಿಮಿಷದೊಳಗೆ ಬಂತು. ಡೇಟಾ ಬರೆದು, ಓಡಿಸಿ ನೋಡಿ, ಸರಿ ಇದ್ದದ್ದನ್ನು ಮಾತ್ರ ಮಗುಚಿದೆ. ಮೂರು ಡಿಸ್ಕಿಗೊಮ್ಮೆ ಡ್ರೈವ್ ಆರಲು ಬಿಟ್ಟೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ 30 ಪ್ರತಿ ಸಿದ್ಧವಾಗಿತ್ತು.

ಒಂದು ಪ್ರತಿಯನ್ನು ಸಂಘದ ಕೋಣೆಯ ಗಾಜಿನ ಕಪಾಟಿನಲ್ಲಿಟ್ಟರು, ಪಶ್ಚಿಮದ ಕಿಟಕಿಯ ಎದುರಿಗೆ. ಬಿಸಿಲು ಬಿದ್ದರೆ ಈ ಬರಹ ಮಾಸುತ್ತದೆ ಅಂತ ಹೇಳಿದ್ದೆ. ಎರಡು ಬೇಸಿಗೆ ಕಳೆದ ಮೇಲೆ ಹೋಗಿ ನೋಡಿದೆ. ಸಂಘದ ಹೆಸರು ಚಹಾ ಚೆಲ್ಲಿದ ಕಲೆಯ ಹಾಗೆ ಕಾಣುತ್ತಿತ್ತು. ಡಿಸ್ಕನ್ನು ಮಾತ್ರ ಪ್ಲೇಯರ್‌ಗೆ ಹಾಕಿದೆವು, ಭಾಗವತರ ದನಿ ಒಂದು ಚೂರೂ ಕೆಟ್ಟಿರಲಿಲ್ಲ.